ಅಂಚೆಯಲ್ಲಿ ಬಂದ ಬಂದೂಕು ಮನೆ ಸೇರುವುದು ಹೇಗೆ? ಕೆನಡಾದ ಬಂದೂಕು ಅಧಿಕಾರಿಗಳಿಗೂ ಇಲ್ಲಿನ ಕನ್ನಡಿಗ ಲೈಸೆನ್ಸುದಾರರಿಗೂ ಒಂದು ಬಹಿರಂಗ ಪತ್ರ

ಕೆನಡಾದ ಸಾರ್ವಜನಿಕ ಸುರಕ್ಷತಾ ಸಚಿವರಿಗೆ, ಪ್ರಾಂತಗಳ ಮುಖ್ಯ ಬಂದೂಕು ಅಧಿಕಾರಿಗಳಿಗೆ, ಕೆನಡಾ ಪೋಸ್ಟ್ ಆಡಳಿತಕ್ಕೆ, ಹಾಗೂ ಇಲ್ಲಿ ಲೈಸೆನ್ಸ್ ಪಡೆದು ಗುರಿ ಅಭ್ಯಾಸ ಮಾಡುವ ಕನ್ನಡಿಗರಿಗೆ

ಮಾನ್ಯರೇ,

ರಿಪೇರಿಗೆಂದು ಗನ್‌ಸ್ಮಿತ್ ಬಳಿಗೆ ಹೋಗಿದ್ದ ಪಿಸ್ತೂಲು ಅಂಚೆಯಲ್ಲಿ ಹಿಂತಿರುಗಿದೆ ಎಂದುಕೊಳ್ಳಿ. ಸಹಿ ಹಾಕಲು ಮನೆಯಲ್ಲಿ ಯಾರೂ ಇರಲಿಲ್ಲ. ಪಾರ್ಸೆಲ್ ತಂದವರು ಬಾಗಿಲಿಗೆ ಚೀಟಿ ಸಿಕ್ಕಿಸಿ, ಪೆಟ್ಟಿಗೆಯನ್ನು ಹತ್ತಿರದ ಅಂಚೆ ಕೌಂಟರಿಗೆ ಒಪ್ಪಿಸಿ ಹೋಗಿದ್ದಾರೆ. ಪಿಸ್ತೂಲು ನಿಮ್ಮದೇ. ನೋಂದಣಿ ಪತ್ರ ನಿಮ್ಮ ಹೆಸರಿನಲ್ಲೇ ಇದೆ. ನಿರ್ಬಂಧಿತ ಬಂದೂಕಿನ ಲೈಸೆನ್ಸ್ ಚಾಲ್ತಿಯಲ್ಲಿದೆ. ಕೌಂಟರಿನಿಂದ ಮನೆಗೆ ಹತ್ತು ನಿಮಿಷದ ದಾರಿ. ಆ ಹತ್ತು ನಿಮಿಷ ಅದನ್ನು ಕಾರಿನಲ್ಲಿಟ್ಟು ತರಲು ನಿಮಗೆ ಅಧಿಕಾರವಿದೆಯೇ?

ಗುರಿ ಅಭ್ಯಾಸಕ್ಕೆಂದು ಹೊಸದಾಗಿ ಕೊಂಡ ಬಂದೂಕಾಗಿದ್ದರೆ ಇದೆ. ರಿಪೇರಿಯಾಗಿ ಬಂದದ್ದಾದರೆ, ಬೇರೆ ಸಾಗಣೆ ಅನುಮತಿ ಕೈಯಲ್ಲಿಲ್ಲದಿದ್ದರೆ, ಇಲ್ಲ. ಅದೇ ಪೆಟ್ಟಿಗೆ, ಅದೇ ಕೌಂಟರ್, ಅದೇ ರಸ್ತೆ. ಒಂದು ಕಾನೂನುಬದ್ಧ ಪ್ರಯಾಣ, ಇನ್ನೊಂದು ಐದು ವರ್ಷದವರೆಗೆ ಜೈಲಾಗಬಹುದಾದ ಅಪರಾಧ. ಈ ವ್ಯತ್ಯಾಸ ಎಲ್ಲಿಂದ ಬಂತು, ಅದನ್ನು ಏಕೆ ತೆಗೆಯಬೇಕು, ತೆಗೆಯುವ ತನಕ ನಮ್ಮವರು ಏನು ಮಾಡಬೇಕು ಎನ್ನುವುದಷ್ಟೇ ಈ ಪತ್ರ. ಬ್ರಾಂಪ್ಟನ್, ಮಿಸಿಸಾಗಾ, ಕ್ಯಾಲ್ಗರಿ ಕಡೆ ನಮ್ಮವರ ನಡುವೆ ಈ ವಿಷಯ ಬಾಯಿಂದ ಬಾಯಿಗೆ ಹರಿದು ಹೋಗುವಾಗ ಅರ್ಧ ಉಳಿದು ಅರ್ಧ ಸೋರಿ ಹೋಗುತ್ತದೆ. ಕನ್ನಡದಲ್ಲಿ ಬರೆಯುತ್ತಿರುವುದು ಅದಕ್ಕೇ.

ಮೊದಲು ಯಾವ ಬಂದೂಕಿನ ಮಾತು ಎಂಬುದು ಸ್ಪಷ್ಟವಾಗಲಿ. ಕೆನಡಾದಲ್ಲಿ ಬಂದೂಕುಗಳು ಮೂರು ವರ್ಗ. ಬೇಟೆಯ ರೈಫಲ್, ಶಾಟ್‌ಗನ್‌ಗಳಲ್ಲಿ ಹೆಚ್ಚಿನವು ನಿರ್ಬಂಧವಿಲ್ಲದವು. ಅವನ್ನು ಅಂಚೆ ಕಚೇರಿಯಿಂದ ತರಲು ಸಾಗಣೆ ಅನುಮತಿಯ ಪ್ರಶ್ನೆಯೇ ಏಳುವುದಿಲ್ಲ. ನಳಿಗೆ 105 ಮಿ.ಮೀ.ಗಿಂತ ಉದ್ದವಿರುವ ಪಿಸ್ತೂಲು, ರಿವಾಲ್ವರ್‌ಗಳು (.25 ಮತ್ತು .32 ಕ್ಯಾಲಿಬರ್ ಬಿಟ್ಟು), ನಳಿಗೆ 470 ಮಿ.ಮೀ.ಗಿಂತ ಗಿಡ್ಡವಿರುವ ಸೆಂಟರ್‌ಫೈರ್ ಸೆಮಿ ಆಟೋಮ್ಯಾಟಿಕ್‌ಗಳು (ಗುಂಡಿನ ತಳದ ನಡುವಿಗೆ ಪೆಟ್ಟು ಬಿದ್ದು ಸಿಡಿಯುವ, ಮುಂದಿನ ಗುಂಡನ್ನು ತಾವೇ ತುಂಬಿಕೊಳ್ಳುವ ಬಂದೂಕುಗಳು), ಮಡಚಿ 660 ಮಿ.ಮೀ.ಗಿಂತ ಚಿಕ್ಕದಾದಾಗಲೂ ಗುಂಡು ಹಾರಿಸಬಲ್ಲ ಉದ್ದ ಬಂದೂಕುಗಳು ನಿರ್ಬಂಧಿತ ವರ್ಗ, ಬೇರೆ ಆದೇಶದಲ್ಲಿ ನಿಷೇಧವಾಗಿರದಿದ್ದರೆ. ಮೂರನೆಯದು ನಿಷೇಧಿತ ವರ್ಗ. ಈ ಗೆರೆಗಳು ನಿಂತಲ್ಲಿ ನಿಂತಿಲ್ಲ. 2020ರ ಮೇ 1ರ ಆದೇಶ ಎಆರ್-15 ರೈಫಲ್ ಸೇರಿ ಸಾವಿರದ ಐನೂರಕ್ಕೂ ಹೆಚ್ಚು ಮಾದರಿಗಳನ್ನು ನಿಷೇಧಿತಕ್ಕೆ ತಳ್ಳಿತು. 2024ರ ಡಿಸೆಂಬರಿನಲ್ಲಿ, 2025ರ ಮಾರ್ಚಿನಲ್ಲಿ ಪಟ್ಟಿ ಇನ್ನೂ ಬೆಳೆಯಿತು. ಹಳೆಯ ನೋಂದಣಿ ಪತ್ರದಲ್ಲಿ ನಿರ್ಬಂಧಿತ ಎಂದಿರುವ ರೈಫಲ್ ಇಂದು ಹಾಗೆಯೇ ಇದೆ ಎಂದು ಊಹಿಸಿ ಅಂಚೆಗೆ ಹಾಕಬೇಡಿ. ಮೊದಲು ಕೆನಡಾದ ಕೇಂದ್ರ ಪೊಲೀಸ್ ಪಡೆಯಾದ ಆರ್‌ಸಿಎಂಪಿಯ ಫೈರ್‌ಆರ್ಮ್ಸ್ ರೆಫರೆನ್ಸ್ ಟೇಬಲ್ (ಯಾವ ಮಾದರಿ ಯಾವ ವರ್ಗ ಎಂದು ಹೇಳುವ ಪಟ್ಟಿ) ನೋಡಿ. ನಿಷೇಧಿತವಾಗಿದ್ದರೆ, ಮೊದಲೇ ಇಟ್ಟುಕೊಂಡಿದ್ದವರಿಗೆ ತಾತ್ಕಾಲಿಕ ರಕ್ಷಣೆ ಕೊಡುವ ಕ್ಷಮಾದಾನ ಆದೇಶ ಹೇಳಿದ್ದನ್ನು ಬಿಟ್ಟು ಅದನ್ನು ಅಲುಗಿಸಲೂ ಬೇಡಿ.

ಇನ್ನು ಕಾನೂನು. ಕೆನಡಾದ ಬಂದೂಕು ಕಾಯ್ದೆ ಫೈರ್‌ಆರ್ಮ್ಸ್ ಆ್ಯಕ್ಟ್‌ನ ಕಲಂ 17ರ ಪ್ರಕಾರ ನಿರ್ಬಂಧಿತ ಬಂದೂಕು ಇರಬೇಕಾದ ಜಾಗ ಒಂದೇ: ನೋಂದಣಿ ದಾಖಲೆಯಲ್ಲಿರುವ ನಿಮ್ಮ ವಾಸದ ಮನೆ, ಇಲ್ಲವೇ ಮುಖ್ಯ ಬಂದೂಕು ಅಧಿಕಾರಿ ಒಪ್ಪಿದ ಬೇರೆ ಸ್ಥಳ. ಅಲ್ಲಿಂದ ಹೊರಗೆ ಕಾಲಿಟ್ಟರೆ ಕಲಂ 19ರ ಸಾಗಣೆ ಅನುಮತಿ ಬೇಕು. ಎಲ್ಲರೂ ಎಟಿಟಿ (ಆಥರೈಜೇಶನ್ ಟು ಟ್ರಾನ್ಸ್‌ಪೋರ್ಟ್) ಎನ್ನುವುದು ಇದನ್ನೇ. ಈ ಅನುಮತಿ ಸಿಗುವುದು ಗೊತ್ತುಪಡಿಸಿದ ಎರಡು ಅಥವಾ ಹೆಚ್ಚು ಸ್ಥಳಗಳ ನಡುವಿನ ಓಡಾಟಕ್ಕೆ. ಊರೆಲ್ಲ ಸುತ್ತಲು ಸಿಗುವ ಪರವಾನಗಿಯಲ್ಲ ಅದು.

2015ರ ಸೆಪ್ಟೆಂಬರಿನಲ್ಲಿ ಬಿಲ್ ಸಿ-42ರ ಬದಲಾವಣೆ ಜಾರಿಯಾದಾಗ ಈ ಅನುಮತಿ ಲೈಸೆನ್ಸಿನ ಷರತ್ತಾಗಿ ತಾನಾಗಿ ಬರತೊಡಗಿತು. ಸ್ವಂತ ಪ್ರಾಂತದೊಳಗೆ ಶೂಟಿಂಗ್ ರೇಂಜ್, ಪೊಲೀಸ್ ಅಥವಾ ಬಂದೂಕು ಅಧಿಕಾರಿಯ ಕಚೇರಿ, ರಿಪೇರಿ ಅಥವಾ ಬೆಲೆಕಟ್ಟುವ ಲೈಸೆನ್ಸಿರುವ ಅಂಗಡಿ, ಗನ್ ಶೋ, ದೇಶದ ಗಡಿ ಠಾಣೆ: ಇಷ್ಟಕ್ಕೂ ಬೇರೆ ಕಾಗದ ಬೇಡವಾಗಿತ್ತು. 2019ರಲ್ಲಿ ಅಂಗೀಕಾರವಾದ ಬಿಲ್ ಸಿ-71 ಈ ಪಟ್ಟಿಯನ್ನು ಕತ್ತರಿಸಿತು. 2021ರ ಜುಲೈ 7ರಿಂದ ತಾನಾಗಿ ಸಿಗುವುದು ಎರಡೇ: ಪ್ರಾಂತದೊಳಗಿನ ಅನುಮೋದಿತ ರೇಂಜಿಗೆ ಹೋಗಿಬರುವುದು, ಮತ್ತು ವರ್ಗಾವಣೆಯಾದ ಬಂದೂಕನ್ನು ಪಡೆದ ಜಾಗದಿಂದ ಮನೆಗೆ ತರುವುದು. ಮಿಕ್ಕಿದ್ದಕ್ಕೆಲ್ಲ ಪ್ರತಿ ಬಾರಿ ಅಧಿಕಾರಿಯನ್ನು ಕೇಳಬೇಕು. ನಮ್ಮವರಲ್ಲಿ ಅನೇಕರು ಸಿ-42ರ ಕಾಲದಲ್ಲಿ ಲೈಸೆನ್ಸ್ ಪಡೆದವರು. ಅವರ ತಲೆಯಲ್ಲಿ ಕೂತಿರುವುದು ಆ ಹಳೆಯ ಪಟ್ಟಿಯೇ.

ಇಲ್ಲಿಗೆ ಗೊಂದಲ ಅರ್ಧ. ಉಳಿದರ್ಧ 2022ರದು. ಆ ವರ್ಷದ ಅಕ್ಟೋಬರ್ 21ರಿಂದ ವ್ಯಕ್ತಿಗಳಿಗೆ ಪಿಸ್ತೂಲು ವರ್ಗಾವಣೆ ನಿಂತಿತು. 2023ರ ಡಿಸೆಂಬರ್ 15ರಂದು ಬಿಲ್ ಸಿ-21 ಅದನ್ನು ಕಾಯ್ದೆಗೇ ಸೇರಿಸಿತು. ಒಲಿಂಪಿಕ್, ಪ್ಯಾರಾಲಿಂಪಿಕ್ ವಿಭಾಗಗಳ ಶೂಟರ್‌ಗಳು, ಕೆಲಸ ಅಥವಾ ಪ್ರಾಣರಕ್ಷಣೆಗೆ ಒಯ್ಯುವ ಅನುಮತಿ ಇರುವವರು, ಹೀಗೆ ಕೆಲವರಿಗಷ್ಟೇ ವಿನಾಯಿತಿ. ಮೊದಲೇ ಇದ್ದ ಪಿಸ್ತೂಲನ್ನು ಇಟ್ಟುಕೊಳ್ಳಬಹುದು, ರೇಂಜಿಗೆ ಒಯ್ಯಬಹುದು.

ಎರಡು ಕಾನೂನುಗಳನ್ನು ಜೋಡಿಸಿ ನೋಡಿ. ತಾನಾಗಿ ಸಿಗುವ ಅನುಮತಿ ಇರುವುದು ಕೊಂಡ ಬಂದೂಕನ್ನು ಮನೆಗೆ ತರಲು. ಪಿಸ್ತೂಲು ಕೊಳ್ಳುವುದನ್ನೇ ನಿಲ್ಲಿಸಲಾಗಿದೆ. ಇಂದು ಸಾಮಾನ್ಯ ಲೈಸೆನ್ಸುದಾರರ ಪಿಸ್ತೂಲು ಅಂಚೆಯಲ್ಲಿ ಓಡಾಡುವುದಾದರೆ ಅದು ಬಹುಪಾಲು ರಿಪೇರಿಗೆ ಹೋಗಿ ಬರಲು, ಇಲ್ಲವೇ ಲೈಸೆನ್ಸಿರುವ ಅಂಗಡಿಗೆ ಮಾರಲು. ಆ ಎರಡಕ್ಕೂ ತಾನಾಗಿ ಸಿಗುವ ಅನುಮತಿ ಇಲ್ಲ. ನಡೆಯದ ಪ್ರಯಾಣಕ್ಕೆ ಕಾಗದ ಸಿದ್ಧವಿದೆ, ನಡೆಯುವ ಪ್ರಯಾಣಕ್ಕಿಲ್ಲ. ಸಚಿವಾಲಯದಲ್ಲಿ ಯಾರಾದರೂ ಇದನ್ನು ಉದ್ದೇಶಪೂರ್ವಕವಾಗಿ ಹೀಗೆ ಹೆಣೆದರು ಎಂದು ನಾವು ಹೇಳುತ್ತಿಲ್ಲ. ಬೇರೆ ಬೇರೆ ವರ್ಷಗಳಲ್ಲಿ, ಬೇರೆ ಬೇರೆ ಉದ್ದೇಶದಿಂದ ಹೊಲಿದ ತೇಪೆಗಳ ನಡುವೆ ಬಟ್ಟೆ ಬಾಯಿ ಬಿಟ್ಟಿದೆ, ಅಷ್ಟೆ.

ರಿಪೇರಿಯ ಪಾರ್ಸೆಲ್ಲಿನ ತೊಡಕು ಸೂಕ್ಷ್ಮವಾದದ್ದು, ಬಿಡಿಸಿ ಹೇಳುತ್ತೇವೆ. ಬಂದೂಕನ್ನು ಗನ್‌ಸ್ಮಿತ್‌ಗೆ ಕಳಿಸಿದಾಗ ಒಡೆತನ ಬದಲಾಗುವುದಿಲ್ಲ, ನೋಂದಣಿ ನಿಮ್ಮ ಹೆಸರಿನಲ್ಲೇ ಉಳಿಯುತ್ತದೆ. ಕಾನೂನಿನ ಕಣ್ಣಲ್ಲಿ ವರ್ಗಾವಣೆ ನಡೆದಿಲ್ಲ. ಹಾಗಾಗಿ ವಾಪಸ್ ಬರುವಾಗ ‘ವರ್ಗಾವಣೆಯ ನಂತರ ಮನೆಗೆ’ ಎಂಬ ಷರತ್ತು ಅನ್ವಯಿಸುವುದಿಲ್ಲ. ಅಂಚೆಯವರೇ ಬಾಗಿಲಿಗೆ ತಂದು, ನೀವೇ ಸಹಿ ಹಾಕಿ ಪಡೆದರೆ ತೊಂದರೆಯಿಲ್ಲ: ಸಾಗಿಸಿದ್ದು ಕೆನಡಾ ಪೋಸ್ಟ್, ನೀವಲ್ಲ, ಬಂದೂಕು ನಿಮ್ಮ ಕೈಗೆ ಸಿಕ್ಕಿದ್ದೇ ಅದು ಇರಬೇಕಾದ ಮನೆಯಲ್ಲಿ. ಅದೇ ಪಾರ್ಸೆಲ್ ಕೌಂಟರಿಗೆ ಹೋಯಿತೆಂದರೆ, ಕೌಂಟರಿನಿಂದ ಮನೆಗೆ ಸಾಗಿಸುವವರು ನೀವಾಗುತ್ತೀರಿ. ಮನೆಯಲ್ಲಿ ಇದ್ದಿರಾ, ಸ್ನಾನಕ್ಕೆ ಹೋಗಿದ್ದಿರಾ ಎನ್ನುವುದರ ಮೇಲೆ ನಿಮ್ಮ ಕಾನೂನು ಸ್ಥಿತಿ ನಿಂತಂತಾಯಿತು.

ಆದ್ದರಿಂದ ರಿಪೇರಿಗೆ ಕಳಿಸುವ ಮೊದಲೇ ಅನುಮತಿ ಕೇಳಿ, ಬಂದ ಮೇಲಲ್ಲ. ಕೇಳುವಾಗ ಎರಡೂ ದಿಕ್ಕು ಹೇಳಿ: ಮನೆಯಿಂದ ಇಂಥ ಅಂಚೆ ಕಚೇರಿಗೆ ಕಳಿಸಲು, ಅಂಚೆ ಕಚೇರಿಯಿಂದ ಮನೆಗೆ ತರಲು. ಗನ್‌ಸ್ಮಿತ್ ಒಪ್ಪಿಕೊಂಡ ಅಂದಾಜು ವಾರಗಳಿಗೆ ಇನ್ನಷ್ಟು ಸೇರಿಸಿ ಅವಧಿ ಕೇಳಿ. ಬಿಡಿಭಾಗ ಬರದೆ ಕೆಲಸ ಎಳೆಯುವುದು ಮಾಮೂಲು, ಅನುಮತಿಯ ದಿನಾಂಕ ಮುಗಿದ ಮೇಲೆ ಪಾರ್ಸೆಲ್ ಬಂದರೆ ಕಾಗದ ಇದ್ದೂ ಇಲ್ಲದಂತೆ. ಅಂಚೆ ಕಚೇರಿಯ ಹೆಸರನ್ನೂ ಹುಷಾರಾಗಿ ಬರೆಸಿ. ನೀವು ಕಳಿಸಲು ಹೋಗುವ ಕೌಂಟರ್ ಒಂದಿರಬಹುದು, ಚೀಟಿ ಬಿದ್ದಾಗ ಪಾರ್ಸೆಲ್ ಹೋಗುವ ಕೌಂಟರ್ ಇನ್ನೊಂದಿರಬಹುದು. ನಿಮ್ಮ ವಿಳಾಸದ ಹಳೆಯ ಚೀಟಿಗಳಲ್ಲಿ ಯಾವ ಕೌಂಟರ್ ಹೆಸರು ಬರುತ್ತದೆ ನೋಡಿ, ಎರಡನ್ನೂ ಸೇರಿಸಲು ಕೇಳಿ. ಆದರೂ ಮೂರನೆಯ ಕಡೆಗೆ ಹೋದರೆ ಪಾರ್ಸೆಲ್ ಮುಟ್ಟಬೇಡಿ. ಅದೇ ದಿನ ಅಧಿಕಾರಿಯ ಕಚೇರಿಗೆ ಫೋನ್ ಮಾಡಿ ಅನುಮತಿ ತಿದ್ದಿಸಿಕೊಳ್ಳಿ. ಕೌಂಟರಿನಲ್ಲಿ ಪಾರ್ಸೆಲ್ ಇಟ್ಟುಕೊಳ್ಳುವುದು ಸಾಮಾನ್ಯವಾಗಿ 15 ದಿನ, ಆಮೇಲೆ ಕಳಿಸಿದವರಿಗೆ ವಾಪಸ್. ಫೋನ್ ಮಾಡಲು ಒಂದು ವಾರ ತಡಮಾಡಿದರೆ ಉಳಿದ ವಾರದಲ್ಲಿ ಕಾಗದ ಬರದೆಯೂ ಹೋದೀತು.

ಕೊಂಡ ಬಂದೂಕಿನ ವಿಷಯ ಇಷ್ಟು ಇಕ್ಕಟ್ಟಿನದಲ್ಲ, ಆದರೆ ಅದರಲ್ಲೂ ಎಡವುವ ಕಲ್ಲುಗಳಿವೆ. ನಿರ್ಬಂಧಿತ ಉದ್ದ ಬಂದೂಕುಗಳನ್ನು, ವಿನಾಯಿತಿ ಇರುವವರಾದರೆ ಪಿಸ್ತೂಲನ್ನು, ಈಗಲೂ ಅಂಚೆಯಲ್ಲಿ ತರಿಸಬಹುದು. ಕ್ರಮ ತಪ್ಪಬಾರದು. ಮಾರುವವರು, ಕೊಳ್ಳುವವರು ಇಬ್ಬರೂ ಲೈಸೆನ್ಸ್, ನೋಂದಣಿ ನೋಡಿಕೊಳ್ಳುವ ಆರ್‌ಸಿಎಂಪಿಯ ಕೆನೇಡಿಯನ್ ಫೈರ್‌ಆರ್ಮ್ಸ್ ಪ್ರೋಗ್ರಾಂಗೆ ವರ್ಗಾವಣೆ ತಿಳಿಸಬೇಕು; ಮುಖ್ಯ ಬಂದೂಕು ಅಧಿಕಾರಿ ಒಪ್ಪಬೇಕು; ಕೊಳ್ಳುವವರ ಹೆಸರಿಗೆ ಹೊಸ ನೋಂದಣಿ ಪತ್ರ ಹೊರಡಬೇಕು. ಅದಾದ ಮೇಲಷ್ಟೇ ಅಂಚೆ. ದುಡ್ಡು ಬಂತೆಂದು ಮೊದಲೇ ಕಳಿಸಿದರೆ, ದಾರಿಯಲ್ಲಿರುವುದು ಇನ್ನೂ ಮಾರಿದವರ ಬಂದೂಕು, ಕೈಗೆ ಬರುವುದು ನಿಮ್ಮ ಹೆಸರಿಗೆ ನೋಂದಣಿಯಿಲ್ಲದ ಬಂದೂಕು.

ಒಪ್ಪಿಗೆ ಯಾವ ಉದ್ದೇಶಕ್ಕೆ ಸಿಕ್ಕಿದೆ ಎನ್ನುವುದೂ ಮುಖ್ಯ. ಗುರಿ ಅಭ್ಯಾಸಕ್ಕೆಂದು ಒಪ್ಪಿದ್ದರೆ ಮನೆಗೆ ತರುವ ಅನುಮತಿ ಜೊತೆಗೇ ಬರುತ್ತದೆ. ಸಂಗ್ರಹಕ್ಕೆಂದು ಒಪ್ಪಿದ್ದರೆ ತಾನಾಗಿ ಸಿಗುವ ಈ ಅನುಮತಿಗಳು ಅನ್ವಯಿಸುವುದಿಲ್ಲ. ಹಳೆಯ ಸೇನಾ ಬಂದೂಕು ಇಷ್ಟಪಡುವವರು ಜಾರುವುದು ಇಲ್ಲಿಯೇ. ಜೊತೆಗೆ, ತಾನಾಗಿ ಸಿಗುವುದೆಲ್ಲ ವಾಸದ ಪ್ರಾಂತದ ಗಡಿಯೊಳಗೆ ಮಾತ್ರ. ಒಟ್ಟಾವಾದಲ್ಲಿ ಮನೆ ಇದ್ದು, ಅನುಕೂಲಕ್ಕೆಂದು ನದಿಯಾಚೆ ಗ್ಯಾಟಿನೋದ ಕೌಂಟರಿಗೆ ಪಾರ್ಸೆಲ್ ತರಿಸಿದರೆ ಅದು ಕ್ವಿಬೆಕ್. ಸೇತುವೆ ದಾಟುವ ಆ ಪ್ರಯಾಣಕ್ಕೆ ಬೇರೆ ಅನುಮತಿ ಬೇಕು.

ಪಾರ್ಸೆಲ್ಲಿನ ಮೇಲಿನ ವಿಳಾಸದ ಬಗ್ಗೆ ನಮ್ಮವರಿಗೆ ವಿಶೇಷವಾಗಿ ಹೇಳಬೇಕಾಗಿದೆ. ಹಗಲೆಲ್ಲ ಕೆಲಸದಲ್ಲಿರುವುದರಿಂದ ಪಾರ್ಸೆಲ್‌ಗಳನ್ನು ಆಫೀಸಿಗೋ, ಮನೆಯಲ್ಲಿರುವ ಸ್ನೇಹಿತರ ವಿಳಾಸಕ್ಕೋ ತರಿಸುವ ರೂಢಿ ನಮ್ಮಲ್ಲಿದೆ. ಇದಕ್ಕೆ ಹಾಗೆ ಮಾಡಬೇಡಿ. ಆಫೀಸು ಕಲಂ 17 ಹೇಳುವ ವಾಸದ ಮನೆಯಲ್ಲ. ಸ್ನೇಹಿತರಿಗೆ ಲೈಸೆನ್ಸ್ ಇಲ್ಲದಿದ್ದರೆ ಅವರನ್ನೂ ಸಿಕ್ಕಿಸಿದ ಹಾಗೆ. ಹೊಸ ಮನೆಗೆ ಹೋಗಿದ್ದು ವಿಳಾಸ ಬದಲಾವಣೆ ತಿಳಿಸಿಲ್ಲದಿದ್ದರೆ (ತಿಳಿಸಲು 30 ದಿನದ ಗಡುವಿದೆ) ದಾಖಲೆಯಲ್ಲಿರುವುದು ಹಳೆಯ ಮನೆ. ಪಾರ್ಸೆಲ್ ತರಿಸುವ ಮೊದಲು ಅದನ್ನು ಸರಿಮಾಡಿಸಿ. ಇನ್ನೊಂದು, ಮನೆಯಲ್ಲಿ ಹೆಂಡತಿಯೋ ಅಪ್ಪನೋ ಸಹಿ ಹಾಕಿ ಪಡೆದರೆ? ಅವರಿಗೆ ಲೈಸೆನ್ಸ್ ಇಲ್ಲದಿದ್ದರೆ, ನೀವು ಬರುವ ತನಕ ಆ ಪೆಟ್ಟಿಗೆ ಯಾರ ವಶದಲ್ಲಿತ್ತು ಎಂಬ ಪ್ರಶ್ನೆಗೆ ಹಿತವಾದ ಉತ್ತರವಿಲ್ಲ. ಟ್ರ್ಯಾಕಿಂಗ್ ನೋಡಿಕೊಂಡು ಆ ದಿನ ನೀವೇ ಮನೆಯಲ್ಲಿರಿ, ಆಗದಿದ್ದರೆ ಸಹಿ ಹಾಕಬೇಡಿ ಎಂದು ಮನೆಯವರಿಗೆ ಹೇಳಿಡಿ.

ಪೆಟ್ಟಿಗೆಯ ಒಳಗಿನ ವಿಷಯಕ್ಕೆ ಬರೋಣ. ಇಲ್ಲಿ ಎರಡು ನಿಯಮಗಳು ಒಂದಕ್ಕೊಂದು ಬೆನ್ನು ತಿರುಗಿಸಿವೆ. ವ್ಯಕ್ತಿಗಳು ಅಂಚೆಯಲ್ಲಿ ಕಳಿಸುವ ನಿಯಮ ಕೇಳುವುದು ಮುಖ್ಯವಾಗಿ ಎರಡು: ತಲಪುವ ಜಾಗ ಕೆನಡಾದೊಳಗಿರಬೇಕು, ಕೆನಡಾ ಪೋಸ್ಟ್‌ನಲ್ಲಿ ಸಹಿ ಪಡೆದೇ ಕೊಡುವ ಅತ್ಯಂತ ಸುರಕ್ಷಿತ ವಿಧಾನದಲ್ಲಿ ಕಳಿಸಬೇಕು. ನೀವು ಕೌಂಟರಿನಿಂದ ಎತ್ತಿಕೊಂಡ ಕ್ಷಣದಿಂದ ಅನ್ವಯಿಸುವುದು ಸಾಗಣೆಯ ನಿಯಮ, ವ್ಯಕ್ತಿಗಳ ಬಂದೂಕು ಸಂಗ್ರಹ ಮತ್ತು ಸಾಗಣೆ ನಿಯಮಾವಳಿಯ 11ನೆಯದು. ಗುಂಡು ತುಂಬಿರಬಾರದು, ಹಾರಿಸಲಾಗದಂತೆ ಟ್ರಿಗರ್ ಲಾಕ್, ಕೇಬಲ್ ಲಾಕ್‌ನಂಥ ಭದ್ರ ಬೀಗ ಹಾಕಿರಬೇಕು, ಅದರ ಮೇಲೆ, ಒಳಗಿನದು ಕಾಣದ, ಸುಲಭವಾಗಿ ಒಡೆಯಲಾಗದ, ಓಡಾಟದಲ್ಲಿ ತಾನಾಗಿ ತೆರೆದುಕೊಳ್ಳದ ಬೀಗ ಹಾಕಿದ ಪೆಟ್ಟಿಗೆಯಲ್ಲಿರಬೇಕು. ರಟ್ಟಿನ ಡಬ್ಬಕ್ಕೆ ಟೇಪು ಸುತ್ತಿದರೆ ಅದು ಬೀಗ ಹಾಕಿದ ಪೆಟ್ಟಿಗೆಯಲ್ಲ.

ಈಗ ಹೇಳಿ: ಮುಚ್ಚಿದ ಪಾರ್ಸೆಲ್ ಕೈಯಲ್ಲಿದೆ. ಒಳಗೆ ಟ್ರಿಗರ್ ಲಾಕ್ ಇದೆಯೇ ಎಂದು ತಿಳಿಯಲು ತೆರೆಯಬೇಕು. ಅಂಗಡಿಯೊಳಗಿನ ಅಂಚೆ ಕೌಂಟರಿನಲ್ಲಿ, ಜನರ ಮಧ್ಯೆ, ಪಿಸ್ತೂಲಿನ ಡಬ್ಬ ಬಿಚ್ಚಿದರೆ ಪೊಲೀಸರಿಗೆ ಫೋನ್ ಹೋಗುವುದು ಖಂಡಿತ. ಪಾರ್ಕಿಂಗ್ ಜಾಗದಲ್ಲಿ ಕಾರಿನೊಳಗೆ ಬಿಚ್ಚುವುದು ಅದಕ್ಕಿಂತ ಕೆಟ್ಟ ಯೋಚನೆ. ತೆರೆಯದೆ ಮನೆಗೆ ತಂದರೆ, ಬೀಗವಿಲ್ಲದ ಬಂದೂಕನ್ನು ಸಾಗಿಸಿದ ಸಾಧ್ಯತೆ. ಈ ಕಗ್ಗಂಟಿಗೆ ಪರಿಹಾರ ಕಳಿಸುವವರ ಕೈಯಲ್ಲಿದೆ, ಪಡೆಯುವವರ ಕೈಯಲ್ಲಿಲ್ಲ. ಹಣ ಕೊಡುವ ಮೊದಲು, ಅಥವಾ ಗನ್‌ಸ್ಮಿತ್‌ಗೆ ಕೆಲಸ ಒಪ್ಪಿಸುವಾಗಲೇ, ಕರಾರು ಮಾಡಿಕೊಳ್ಳಿ: ಚೇಂಬರ್ ಖಾಲಿ ಇರುವುದು ಕಾಣುವಂತೆ ಒಂದು ಫೋಟೊ, ಬೀಗ ಹಾಕಿದ್ದು ಒಂದು, ಗಟ್ಟಿ ಪ್ಲಾಸ್ಟಿಕ್ ಕೇಸಿಗೆ ಎರಡನೆಯ ಬೀಗ ಹಾಕಿದ್ದು ಒಂದು, ಕೇಸ್ ರಟ್ಟಿನ ಡಬ್ಬದೊಳಗೆ ಹೋದದ್ದು ಒಂದು. ಸೀರಿಯಲ್ ನಂಬರ್ ಒಂದರಲ್ಲಾದರೂ ಕಾಣಲಿ. ಕೀಲಿಗಳು ಬೇರೆ ಲಕೋಟೆಯಲ್ಲಿ ಬರಲಿ. ಕಾರಿನಲ್ಲಿ ನಿಮ್ಮದೇ ಬೀಗದ ಪೆಟ್ಟಿಗೆಯೊಂದನ್ನು ಒಯ್ದು, ಪಾರ್ಸೆಲನ್ನು ಬಿಚ್ಚದೆ ಇಡಿಯಾಗಿ ಅದರೊಳಗಿಟ್ಟು ಬೀಗ ಹಾಕಿದರೆ ಇನ್ನೂ ಒಳ್ಳೆಯದು. ಇದು ಅತಿಯಾಯಿತು ಎನಿಸಬಹುದು. ನಿಯಮ ಎರಡು ನಾಲಗೆಯಲ್ಲಿ ಮಾತಾಡುವಾಗ ಅತಿಯೇ ಕ್ಷೇಮ.

ಗುಂಡುಗಳನ್ನು ಎಂದೂ ಅದೇ ಪಾರ್ಸೆಲ್ಲಿಗೆ ಹಾಕಬೇಡಿ, ಹಾಕಿಸಬೇಡಿ. ಮದ್ದುಗುಂಡು ಕೆನಡಾ ಪೋಸ್ಟ್‌ನಲ್ಲಿ ಕಳಿಸುವಂತಿಲ್ಲ, ಒಂದೇ ಒಂದಾದರೂ. ಮ್ಯಾಗಜೀನ್ (ಬಂದೂಕಿಗೆ ಸಿಕ್ಕಿಸುವ ಗುಂಡಿನ ಡಬ್ಬಿ) ಖಾಲಿಯಾಗಿ ಕಳಿಸಬಹುದು, ಆದರೆ ಪಿಸ್ತೂಲಿಗೆ 10, ಸೆಂಟರ್‌ಫೈರ್ ಸೆಮಿ ಆಟೋಮ್ಯಾಟಿಕ್ ಉದ್ದ ಬಂದೂಕಿಗೆ 5 ಗುಂಡಿನ ಮಿತಿ ಇರುವವು ಮಾತ್ರ. ಮ್ಯಾಗಜೀನ್, ಬ್ಯಾರೆಲ್, ಪಿಸ್ತೂಲಿನ ಸ್ಲೈಡ್ ಪಡೆಯಲು ಈಗ ಲೈಸೆನ್ಸ್ ಬೇಕು. ಬರೀ ಬಿಡಿಭಾಗ ಎಂದು ತಮ್ಮನ ಹೆಸರಿಗೆ ತರಿಸುವ ಕಾಲ ಹೋಯಿತು. ಡಬ್ಬದ ಹೊರಮೈಯಲ್ಲಿ ಒಳಗೇನಿದೆ ಎಂದು ಸೂಚಿಸುವ ಹೆಸರು, ಚಿಹ್ನೆ, ಕಂಪನಿಯ ಸ್ಟಿಕರ್ ಯಾವುದೂ ಬೇಡ.

ಕೌಂಟರಿನಿಂದ ಹೊರಟ ಮೇಲೆ ನೇರವಾಗಿ ಮನೆಗೆ. ಕಾನೂನು ಹೇಳುವುದು ‘ಎಲ್ಲ ಸಂದರ್ಭ ಗಮನಿಸಿದರೆ ಸಮಂಜಸವಾಗಿ ನೇರವಾದ’ ದಾರಿ ಎಂದು. ಪೆಟ್ರೋಲ್ ಹಾಕಿಸಿದರೆ ಯಾರೂ ಜೈಲಿಗೆ ಹಾಕಲಿಕ್ಕಿಲ್ಲ. ಆದರೆ ಇಲ್ಲಿನ ಎಷ್ಟೋ ಅಂಚೆ ಕೌಂಟರ್‌ಗಳು ಶಾಪರ್ಸ್ ಡ್ರಗ್ ಮಾರ್ಟ್‌ನಂಥ ಅಂಗಡಿಗಳೊಳಗಿವೆ. ಪಾರ್ಸೆಲ್ ಪಡೆದು, ಅದನ್ನು ತಳ್ಳುಗಾಡಿಯಲ್ಲಿಟ್ಟುಕೊಂಡು ಹಾಲು, ಮಾತ್ರೆ ಕೊಳ್ಳುತ್ತ ಅಡ್ಡಾಡುವುದು ಬೇಡ. ಸಾಮಾನು ಮೊದಲು ಕೊಂಡುಬಿಡಿ, ಪಾರ್ಸೆಲ್ ಕೊನೆಗೆ. ಅನಿವಾರ್ಯವಾಗಿ ಕಾರು ಬಿಟ್ಟು ಇಳಿಯಬೇಕಾದರೆ ಪೆಟ್ಟಿಗೆ ಡಿಕ್ಕಿಯಲ್ಲಿರಲಿ, ಡಿಕ್ಕಿಗೆ ಬೀಗವಿರಲಿ. ಡಿಕ್ಕಿಯಿಲ್ಲದ ಗಾಡಿಯಾದರೆ ಹೊರಗಿನಿಂದ ಕಾಣದಂತಿಟ್ಟು ಗಾಡಿಗೆ ಬೀಗ. ಲೈಸೆನ್ಸ್, ನೋಂದಣಿ ಪತ್ರ, ಅನುಮತಿ ಮೂರೂ ಕೈಗೆ ಸಿಗುವಂತಿರಲಿ. ಅನುಮತಿ ಇತ್ತು ಎಂದು ತೋರಿಸುವ ಹೊಣೆ ಕ್ರಿಮಿನಲ್ ಕೋಡ್‌ನ ಕಲಂ 117.11ರಂತೆ ಆರೋಪಿಯದೇ. ಅನುಮತಿಯಿಲ್ಲದ ಜಾಗದಲ್ಲಿ ಬಂದೂಕು ಇದ್ದರೆ ಕಲಂ 93ರಲ್ಲಿ ಐದು ವರ್ಷದವರೆಗೆ ಶಿಕ್ಷೆ. ಬೀಗ, ಪೆಟ್ಟಿಗೆಯ ನಿಯಮ ಮುರಿದರೆ ಕಲಂ 86ರಲ್ಲಿ ಮೊದಲ ಸಲ ಎರಡು ವರ್ಷದವರೆಗೆ. ಲೈಸೆನ್ಸ್ ಹೋಗುವುದು ಬೇರೆ.

ಎಲ್ಲಕ್ಕಿಂತ ಕೆಟ್ಟ ಪ್ರಕರಣ ಯಾರೂ ಪಡೆಯದೆ ಮರಳಿದ ಪಾರ್ಸೆಲ್. ಕೊಂಡವರು ಊರಿಗೆ ಹೋಗಿದ್ದರು, 15 ದಿನ ಕಳೆಯಿತು, ಪೆಟ್ಟಿಗೆ ಮಾರಿದವರ ಊರಿಗೆ ವಾಪಸಾಯಿತು. ನೋಂದಣಿ ಆಗಲೇ ಕೊಂಡವರ ಹೆಸರಿಗೆ ಬದಲಾಗಿದೆ. ಮಾರಿದವರು ಸಹಿ ಹಾಕಿ ಪಡೆದರೆ ಅವರ ಕೈಯಲ್ಲಿರುವುದು ತಮ್ಮ ಹೆಸರಿಗಿಲ್ಲದ ನಿರ್ಬಂಧಿತ ಬಂದೂಕು. ಪಿಸ್ತೂಲಾದರೆ ಮತ್ತೆ ತಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಲು ನಿಷೇಧ ಅಡ್ಡ ಬರುತ್ತದೆ. 2024ರ ನವೆಂಬರ್ 15ರಿಂದ ಡಿಸೆಂಬರ್ 17ರವರೆಗೆ ನಡೆದ ಅಂಚೆ ಮುಷ್ಕರದಂಥ ಸಮಯದಲ್ಲಿ ಪೆಟ್ಟಿಗೆ ಎಲ್ಲಿದೆ ಎಂಬುದೂ ಗೊತ್ತಾಗದೆ, ಅನುಮತಿಯ ದಿನಾಂಕ ತನ್ನಷ್ಟಕ್ಕೆ ಮುಗಿದುಹೋಗುತ್ತದೆ. ಇಂಥದ್ದು ಎದುರಾದರೆ ಪಾರ್ಸೆಲ್ ಪಡೆಯುವ ಮೊದಲು ಕೆನೇಡಿಯನ್ ಫೈರ್‌ಆರ್ಮ್ಸ್ ಪ್ರೋಗ್ರಾಂನ 1-800-731-4000ಕ್ಕೆ ಕರೆ ಮಾಡಿ, ಮಾತಾಡಿದ ದಿನ, ಹೊತ್ತು, ಅವರು ಕೊಟ್ಟ ಸೂಚನೆ ಬರೆದಿಟ್ಟುಕೊಳ್ಳಿ. ಫೋನಿನಲ್ಲಿ ಸಿಕ್ಕ ‘ಪರವಾಗಿಲ್ಲ, ತಂದುಬಿಡಿ’ ಎಂಬ ಮಾತು ಅನುಮತಿಯಲ್ಲ. ಅನುಮತಿ ಕಾಗದದಲ್ಲಿ ಬರುತ್ತದೆ.

ಕೊಡಗಿನಿಂದ ಬಂದವರಿಗೆ ಒಂದು ಮಾತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಭಾರತದ ಶಸ್ತ್ರಾಸ್ತ್ರ ಕಾಯ್ದೆಯ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು 2029ರ ಅಕ್ಟೋಬರ್ ಕೊನೆಯವರೆಗೆ ವಿಸ್ತರಿಸಲಾಗಿದೆ. ಕೊಡವರ ಆಯುಧ ಹಬ್ಬ ಕೈಲ್‌ಪೊಳ್ದ್‌ನಲ್ಲಿ ಕೋವಿಗೆ ಹೂವಿಟ್ಟು ಪೂಜಿಸಿ ಬೆಳೆದವರಿಗೆ ಇಲ್ಲಿನ ಬೀಗದ ಮೇಲೆ ಬೀಗ ವಿಚಿತ್ರ ಎನಿಸುವುದು ಸಹಜ. ಆ ವಿನಾಯಿತಿಗೆ ಕೆನಡಾದಲ್ಲಿ ಬೆಲೆಯಿಲ್ಲ. ಮನೆತನದ ಕೋವಿಯನ್ನು ಅಂಚೆಯಲ್ಲಿ ತರಿಸುವ ಯೋಚನೆಯಿದ್ದರೆ ಅಲ್ಲಿನ ರಫ್ತು ಲೈಸೆನ್ಸು, ಇಲ್ಲಿನ ಆಮದು ನಿಯಮ ಎರಡೂ ಅಡ್ಡ ಬರುತ್ತವೆ. ವ್ಯಕ್ತಿಗಳು ಪಿಸ್ತೂಲು ಆಮದು ಮಾಡುವುದಂತೂ 2022ರ ಆಗಸ್ಟಿನಿಂದಲೇ ನಿಂತಿದೆ.

ಅಧಿಕಾರಿಗಳಲ್ಲಿ ನಮ್ಮ ಕೋರಿಕೆ ದೊಡ್ಡದಲ್ಲ. ಪಿಸ್ತೂಲು ನಿಷೇಧ ಸರಿಯೋ ತಪ್ಪೋ ಎಂಬ ಚರ್ಚೆಗೆ ನಾವು ಇಲ್ಲಿ ಇಳಿಯುತ್ತಿಲ್ಲ. ಕಲಂ 19ರಲ್ಲಿ ವರ್ಗಾವಣೆಯ ನಂತರ ಮನೆಗೆ ತರುವ ಅನುಮತಿ ಇರುವ ಜಾಗದಲ್ಲೇ, ತನ್ನ ಹೆಸರಿಗೆ ನೋಂದಣಿಯಾದ ಬಂದೂಕನ್ನು ಅಂಚೆ ಕಚೇರಿ ಅಥವಾ ಲೈಸೆನ್ಸಿರುವ ಸಾಗಣೆದಾರರಿಂದ ಪಡೆದು ಮನೆಗೆ ತರುವುದನ್ನೂ, ಲೈಸೆನ್ಸಿರುವ ಅಂಗಡಿಗೆ ಕಳಿಸಲು ಮನೆಯಿಂದ ಅಂಚೆಗೆ ಒಯ್ಯುವುದನ್ನೂ ಸೇರಿಸಿ. ಸಾರ್ವಜನಿಕ ಸುರಕ್ಷತೆಗೆ ಇದರಿಂದ ಕುಂದಿಲ್ಲ: ಇದೇ ವ್ಯಕ್ತಿ ಇದೇ ಪಿಸ್ತೂಲನ್ನು ಪ್ರತಿ ಶನಿವಾರ ಐವತ್ತು ಕಿಲೋಮೀಟರ್ ದೂರದ ರೇಂಜಿಗೆ ಒಯ್ಯಲು ನೀವೇ ತಾನಾಗಿ ಅನುಮತಿ ಕೊಟ್ಟಿದ್ದೀರಿ.

ತಿದ್ದುಪಡಿಗೆ ಸಂಸತ್ತು ಬೇಕು, ಅದಕ್ಕೆ ವರ್ಷಗಳು ಹಿಡಿಯಬಹುದು. ಮುಖ್ಯ ಬಂದೂಕು ಅಧಿಕಾರಿಗಳಿಗೆ ಅಷ್ಟು ಕಾಯಬೇಕಾಗಿಲ್ಲ. ರಿಪೇರಿಗೆ ಅನುಮತಿ ಕೊಡುವಾಗ ಒಂದು ದಿನಾಂಕದ ಬದಲು ಆರು ತಿಂಗಳ ಅವಧಿ ಕೊಡಿ. ಒಂದು ಕೌಂಟರಿನ ವಿಳಾಸದ ಬದಲು ‘ಈ ಮನೆಗೆ ಬಂದ ಪಾರ್ಸೆಲನ್ನು ಕೆನಡಾ ಪೋಸ್ಟ್ ಇರಿಸುವ ಕೌಂಟರ್’ ಎಂದು ಬರೆಯಿರಿ. ಆಲ್ಬರ್ಟಾ, ಸಸ್ಕಾಚೆವಾನ್ 2021ರಿಂದ ತಮ್ಮದೇ ಅಧಿಕಾರಿಗಳನ್ನು ನೇಮಿಸಿಕೊಂಡಿವೆ. ಒಂಟಾರಿಯೊ, ಕ್ವಿಬೆಕ್ ಮೊದಲಿನಿಂದಲೂ ತಮ್ಮ ದಾರಿಯಲ್ಲಿವೆ. ಕಾಯ್ದೆ ಒಂದೇ ಆದ ಮೇಲೆ ಈ ಸಾಲೂ ಎಲ್ಲ ಕಡೆ ಒಂದೇ ಆಗಿರಲಿ.

ಕೆನಡಾ ಪೋಸ್ಟ್‌ನಿಂದ ಕೇಳುವುದು ಮೂರು. ಸಹಿಯ ಪಾರ್ಸೆಲನ್ನು ಚೀಟಿಯಲ್ಲಿ ಬರೆದ ಕೌಂಟರಿನಿಂದ ಬೇರೆ ಕಡೆ ಸಾಗಿಸಬೇಡಿ. 15 ದಿನ ಮುಗಿಯುವ ಮೊದಲು ಪಡೆಯುವವರು ಕಾರಣ ತಿಳಿಸಿ ಕೇಳಿದರೆ ಇನ್ನಷ್ಟು ದಿನ ಇಟ್ಟುಕೊಳ್ಳುವ ಲಿಖಿತ ವ್ಯವಸ್ಥೆ ಮಾಡಿ. ಮುಷ್ಕರದ ದಿನಗಳನ್ನು ಆ ಲೆಕ್ಕಕ್ಕೆ ಹಿಡಿಯಬೇಡಿ.

ಆರ್‌ಸಿಎಂಪಿಗೆ ಒಂದೇ: ಅಂಚೆ ಮತ್ತು ನಿರ್ಬಂಧಿತ ಬಂದೂಕು ಎಂಬ ಒಂದು ಪುಟ ಬರೆಯಿರಿ. ಕೊಂಡದ್ದು, ರಿಪೇರಿಯಿಂದ ಬಂದದ್ದು, ಯಾರೂ ಪಡೆಯದೆ ಮರಳಿದ್ದು, ಈ ಮೂರರಲ್ಲಿ ಯಾವುದಕ್ಕೆ ಅನುಮತಿ ಬೇಕು, ಯಾವುದಕ್ಕೆ ಬೇಡ ಎಂದು ಅದರಲ್ಲಿರಲಿ. ಕೌಂಟರಿನಲ್ಲಿ ಮುಚ್ಚಿದ ಡಬ್ಬವನ್ನು ಪಡೆದವರು ಒಳಗಿನ ಬೀಗಕ್ಕೆ ಎಷ್ಟರ ಮಟ್ಟಿಗೆ ಹೊಣೆ ಎಂಬುದಕ್ಕೂ ಅದೇ ಪುಟದಲ್ಲಿ ಉತ್ತರ ಕೊಡಿ.

ಇಂತಿ,
ಕೆನಡಾದಲ್ಲಿ ನೆಲೆಸಿರುವ ಕೆಲವು ಕನ್ನಡಿಗ ಲೈಸೆನ್ಸುದಾರರು